ಅಸ್ತರಿನ ಹೊಲಿಗೆ

ಸೋಮವಾರ, 9 ಜೂನ್ 2025. ಬೆಳಿಗ್ಗೆ 9.20

ಐದೂವರೆಗೆ ನೀರು ಬಂತು. ಎರಡು ಡ್ರಮ್, ನಾಲ್ಕು ಕೊಡ. ಇವರು ಎಂಟಕ್ಕೆ ಕಾರ್ಖಾನೆಗೆ ಹೋದರು. ಶಾಲೆ ಶುರುವಾಗುವ ಹೊತ್ತು, ಸ್ಕೂಲ್ ಬ್ಯಾಗ್ ಹೊಲಿಯುವ ಕೆಲಸ ಬಹಳ. ಬಕ್ರೀದಿಗೆ ಒಂದೇ ದಿನ ರಜೆ ಕೊಟ್ಟರು.

ಆರ್ಜೂ — ಒಂದೂವರೆ ಇಡ್ಲಿ. ಅರ್ಧ ಬಾಳೆಹಣ್ಣು. ನೋವು ಇಲ್ಲ. ಸಂಡಾಸ್ ಎರಡು ಸಲ. ಎಣ್ಣೆ ಎಣ್ಣೆ, ನೀರು ಸುರಿದರೂ ಹೋಗುವುದಿಲ್ಲ.

ಶುಭಾಂಗಿ ಮೇಡಂ ಬರೆಯಲು ಹೇಳಿದ್ದು ಇಷ್ಟೇ. ಆಸ್ಪತ್ರೆಯ ಡಯಟಿಷಿಯನ್ ಅವರು. ಮಗು ಏನು ತಿಂದಿತು, ನೋವು ಬಂತೇ, ಸಂಡಾಸ್ ಹೇಗೆ, ಔಷಧ ಕೊಟ್ಟಿರಾ. ಮಗ ನದೀಮನ ಕಾಲದಿಂದ ಬರೆಯುತ್ತಿದ್ದೇನೆ. ಹುನಗುಂದದ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತ ಕನ್ನಡ. ಇವರಿಗೆ ಉರ್ದು ಓದಲು ಬರುತ್ತದೆ, ಮಕ್ಕಳಿಗೆ ಇಂಗ್ಲಿಷ್, ಹಿಂದಿ, ಮರಾಠಿ. ಈ ವಹಿ ಓದುವವರು ಮನೆಯಲ್ಲಿ ಯಾರೂ ಇಲ್ಲ. ಆಸ್ಪತ್ರೆಯಲ್ಲಿ ನಾನೇ ಓದಿ ಹಿಂದಿಯಲ್ಲಿ ಹೇಳುತ್ತೇನೆ. ಅದಕ್ಕೇ ನಡುನಡುವೆ ಬೇರೆಯದೂ ಬರೆಯುತ್ತೇನೆ.

ನದೀಮ ಹೋಗಿ ಹದಿನಾರು ತಿಂಗಳು. ಹೋದಾಗ ಅವನಿಗೆ ಹದಿನಾರು ವರ್ಷ.

ಪಕ್ಕದ ನೀಲಾಬಾಯಿ ಬಂದು ಬಾಗಿಲಲ್ಲಿ ನಿಂತಳು. "ತಾಜಬಿ, ಹಬ್ಬಕ್ಕೂ ಮಗಳಿಗೆ ಸಪ್ಪೆ ಗಂಜಿಯೇನೇ?" ಆರ್ಜೂ ಒಳಗಿನಿಂದಲೇ ಹೇಳಿದಳು — "ಮಾವಶಿ, ನಂದು ಹೀರೋಯಿನ್ ಡಯಟ್. ಅಂಧೇರಿಯಲ್ಲಿ ಸಿನಿಮಾದವರ ಹತ್ತಿರ ಇದಕ್ಕೆ ಫೀಸ್ ತಗೋತಾರೆ."

ನೀಲಾಬಾಯಿ ನಕ್ಕಳು. ನಾನು ಫಾಲ್ ಹಚ್ಚಲು ಕುಳಿತೆ. ಇವತ್ತು ಏಳು ಸೀರೆ ಬಂದಿವೆ.


ಗುರುವಾರ, 12 ಜೂನ್. ಮಧ್ಯಾಹ್ನ 3.40

ಓಪಿಡಿಯಿಂದ ಬಂದೆವು. ಬೆಳಿಗ್ಗೆ ಏಳಕ್ಕೆ ಹೋದದ್ದು.

ತೂಕ 24 ಕಿಲೋ 200. ಮಾರ್ಚಿನಲ್ಲಿ 25 ಕಿಲೋ 600 ಇತ್ತು. ಹನ್ನೊಂದು ವರ್ಷದ ಹುಡುಗಿ. ಎತ್ತರ ಒಂದು ವರ್ಷದಿಂದ ಹಾಗೇ ಇದೆ.

ಡಾಕ್ಟರ್ ಮೇಡಂ ಸೋನೋಗ್ರಫಿ ನೋಡಿದರು. ಅವರು ನದೀಮನನ್ನೂ ನೋಡಿದವರು. ಇವಳದ್ದೂ ಅಣ್ಣನ ದಾರಿಯೇ ಎಂದರು. ಹೊಟ್ಟೆಯ ಹಿಂದೆ ಪ್ಯಾಂಕ್ರಿಯಾಸ್ ಅಂತ ಒಂದು ಗ್ರಂಥಿ. ತಿಂದದ್ದನ್ನು ಕರಗಿಸುವ ರಸ ಅದರದ್ದು. ಈ ಮಕ್ಕಳಲ್ಲಿ ಆ ರಸ ಗ್ರಂಥಿಯನ್ನೇ ಕರಗಿಸುತ್ತದೆ. ಪ್ರತಿ ಸಲ ನೋವು ಬಂದಾಗ ಸ್ವಲ್ಪ ಸ್ವಲ್ಪ ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಇದನ್ನು ಒಂಬತ್ತು ವರ್ಷದ ಹಿಂದೆ ನದೀಮನ ವಿಷಯದಲ್ಲಿ ಕೇಳಿದ್ದೆ. ಆಗ ಚೀಟಿಯಲ್ಲಿ ಚಿತ್ರ ಬರೆದು ತೋರಿಸಿದ್ದರು. ಈ ಸಲ ಚಿತ್ರ ಬೇಕಾಗಲಿಲ್ಲ.

ಆರ್ಜೂಗೆ ಮೊದಲ ಸಲ ನೋವು ಬಂದದ್ದು ಒಂಬತ್ತರಲ್ಲಿ. ನದೀಮನಿಗೆ ಏಳರಲ್ಲಿ. ನದೀಮನ ಹೊಟ್ಟೆಗೆ ಎರಡು ವರ್ಷ ಜಂತಿನ ಔಷಧ ಕೊಟ್ಟೆವು, ಗ್ಯಾಸಿನ ಔಷಧ ಕೊಟ್ಟೆವು, ತಾಯತ ಕಟ್ಟಿದೆವು. ಇವಳಿಗೆ ಅದೊಂದೂ ಮಾಡಲಿಲ್ಲ. ಮೊದಲ ದಿನವೇ ಕರೆದುಕೊಂಡು ಹೋದೆ.

ಸಂಡಾಸಿನ ಟೆಸ್ಟಿಗೆ ಡಬ್ಬಿ ಕೊಟ್ಟರು. ರಿಪೋರ್ಟ್ ನೋಡಿ ಕ್ಯಾಪ್ಸೂಲ್ ಶುರು ಮಾಡುವ ಬಗ್ಗೆ ಹೇಳುತ್ತಾರೆ. ನದೀಮನಿಗೆ ಕೊಡುತ್ತಿದ್ದದ್ದೇ. ಊಟದ ಜೊತೆ ಹೊರಗಿನಿಂದ ಆ ರಸ.

ಬರುವಾಗ ಕುರ್ಲಾದಲ್ಲಿ ಇಳಿದೆವು. ಹಾರ್ಬರ್ ಪ್ಲಾಟ್‌ಫಾರ್ಮಿನಲ್ಲಿ ಪನವೇಲ್ ಲೋಕಲ್ ಗಾಡಿ ನಿಂತಿತ್ತು. ಆರ್ಜೂ ನನ್ನ ಕೈ ಹಿಡಿದಳು. ಅವಳು ಆ ಕಡೆ ನೋಡುವುದಿಲ್ಲ. ನಾನು ನೋಡುತ್ತೇನೆ. ಕಿಟಕಿ ಪಕ್ಕ ಯಾರು ಮಲಗಿದ್ದಾರೆ ಅಂತ.

ನದೀಮ ಚೆಂಬೂರಿನಲ್ಲಿ ಇಳಿಯಬೇಕಿತ್ತು. ಕಾಲೇಜು ಅಲ್ಲಿ. ಇಳಿಯಲಿಲ್ಲ. ಹುಡುಗ ಮಲಗಿದ್ದಾನೆ ಎಂದುಕೊಂಡರು ಜನ. ಗಾಡಿ ಪನವೇಲಿಗೆ ಹೋಗಿ, ತಿರುಗಿ ಬಂದು, ಮತ್ತೆ ಪನವೇಲಿಗೆ ಹೋಯಿತು. ಅಲ್ಲಿ ಕಸ ಗುಡಿಸುವವನು ಭುಜ ಮುಟ್ಟಿದ. ಶುಗರ್ ಇಳಿದಿತ್ತು ಎಂದರು. ಶುಗರ್ ನೋಡುವ ಮಶೀನಿನಲ್ಲಿ ನಂಬರೇ ಬರಲಿಲ್ಲವಂತೆ.

ಪ್ಯಾಂಕ್ರಿಯಾಸ್ ಹಾಳಾದರೆ ಮುಂದೆ ಶುಗರ್ ಬರುತ್ತದೆ. ಅವನಿಗೆ ಹದಿನೈದರಲ್ಲಿ ಬಂತು. ಇನ್ಸುಲಿನ್ ತಾನೇ ಚುಚ್ಚಿಕೊಳ್ಳುತ್ತಿದ್ದ. ಅವತ್ತೂ ಚುಚ್ಚಿಕೊಂಡ, ಎರಡು ಚಪಾತಿ ತಿಂದ, ಹೋದ. ತಿಂದು ಹೋದವನ ಶುಗರ್ ಹಾಗೆ ಯಾಕೆ ಇಳಿಯಿತು ಅಂತ ಯಾರೂ ಹೇಳಲಿಲ್ಲ. ಆಗುತ್ತದೆ ಎಂದರು.

ಆರ್ಜೂ — ಸಪ್ಪೆ ಖಿಚಡಿ ಒಂದು ಬಟ್ಟಲು. ನೋವು ಇಲ್ಲ.


ಭಾನುವಾರ, 15 ಜೂನ್. ಸಂಜೆ 4

ನಾಳೆ ಶಾಲೆ. ಆರ್ಜೂನ ಬ್ಯಾಗಿನ ಚೈನ್ ಹೋಗಿದೆ. ಇವರು ಅಟ್ಟದ ಮೇಲಿನಿಂದ ನದೀಮನ ಬ್ಯಾಗ್ ಇಳಿಸಿದರು. ಇವರೇ ಹೊಲಿದು ಕೊಟ್ಟದ್ದು, ಕರಿ ರೆಕ್ಸಿನ್, ಒಳಗೆ ನೀಲಿ ಬಟ್ಟೆಯ ಅಸ್ತರು. ಆವತ್ತು ಪೊಲೀಸರು ತಂದು ಕೊಟ್ಟ ಮೇಲೆ ಯಾರೂ ತೆಗೆದಿರಲಿಲ್ಲ.

"ಚಲೋ ಅದ ಇನ್ನೂ," ಎಂದರು. "ತೊಳದು ಕೊಡು. ಹತ್ತು ವರ್ಷ ಬಾಳತದ."

ಹೇಳಿ ಹೊರಗೆ ಹೋದರು. ಧೂಳು ಕೊಡವಿದೆ. ಒಳಗೆ ಕೈ ಹಾಕಿ ಒರೆಸುವಾಗ ತಳದ ಅಸ್ತರಿನ ಕೆಳಗೆ ಏನೋ ಸಿಕ್ಕಿತು. ಕಾಳಿನ ಹಾಗೆ. ಗಂಟು ಗಂಟು.

ತಿರುವಿ ನೋಡಿದೆ. ಒಂದು ಬದಿ ಇವರ ಮಶೀನಿನ ಹೊಲಿಗೆ. ಇನ್ನೊಂದು ಬದಿ ಕೈಹೊಲಿಗೆ. ಮೇಲೆ ಚುಕ್ಕಿ, ಹಿಂದೆ ಉದ್ದ ದಾರ. ಸೀರೆಗೆ ಫಾಲ್ ಹಚ್ಚುವ ಹೊಲಿಗೆ. ಶುರುವಿನಲ್ಲಿ ಒಂದರ ಮೇಲೊಂದು ಎರಡು ಗಂಟು. ಹಾಗೆ ಎರಡು ಗಂಟು ನಾನು ಹಾಕುತ್ತೇನೆ. ನಾನು ಕಲಿಸಿದ್ದು ಒಬ್ಬನಿಗೇ. ನೋವಾಗಿ ಶಾಲೆಗೆ ಹೋಗದ ದಿನಗಳಲ್ಲಿ ಪಕ್ಕದಲ್ಲಿ ಕುಳಿತು ಹಚ್ಚುತ್ತಿದ್ದ. ನನಗಿಂತ ಸಣ್ಣ ಹೊಲಿಗೆ ಅವನದು. ಯಾರಿಗೂ ಹೇಳಬೇಡ ಅಮ್ಮಿ, ಹುಡುಗರು ಕಾಡುತ್ತಾರೆ ಅನ್ನುತ್ತಿದ್ದ.

ನಾಲ್ಕು ಬೆರಳಿನಷ್ಟು ಬಿಚ್ಚಿದೆ.

ಕ್ಯಾಪ್ಸೂಲ್. ಕೆಲವು ಬಿಡಿ, ಕೆಲವು ಬೆವತು ಒಂದಕ್ಕೊಂದು ಅಂಟಿದ್ದವು. ನೂರಾ ಎಂಬತ್ತೇಳು.

ದಿನಕ್ಕೆ ಮೂರು. ಬೆಳಿಗ್ಗೆ ನಾನು ಬಾಟಲಿಯಿಂದ ಮೂರು ತೆಗೆದು ಸಣ್ಣ ಡಬ್ಬಿಗೆ ಹಾಕಿ ಕೊಡುತ್ತಿದ್ದೆ. ಸಂಜೆ ಡಬ್ಬಿ ಖಾಲಿ ಇರುತ್ತಿತ್ತು. "ತಗೊಂಡ್ಯಾ?" "ತಗೊಂಡೆ ಅಮ್ಮಿ."

ಮನೆಯಲ್ಲಿ ನಾವು ಆ ಪ್ರಾಣಿಯ ಹೆಸರು ಹೇಳುವುದಿಲ್ಲ. ಇಲ್ಲಿ ಬರೆಯುತ್ತೇನೆ. ಈ ಕ್ಯಾಪ್ಸೂಲ್ ಹಂದಿಯ ಪ್ಯಾಂಕ್ರಿಯಾಸಿನಿಂದ ಮಾಡುತ್ತಾರೆ. ಶುರು ಮಾಡುವಾಗಲೇ ಡಾಕ್ಟರ್ ಮೇಡಂ ನಮ್ಮಿಬ್ಬರನ್ನು ಒಳಗೆ ಕರೆದು ಹೇಳಿದ್ದರು. ಬೇರೆ ಯಾವುದೂ ಇಲ್ಲ, ಬೇಕಾದರೆ ನಿಮ್ಮವರನ್ನು ಕೇಳಿಕೊಂಡು ಬನ್ನಿ ಎಂದರು. ಇವರು ಮದ್ರಸಾದ ಮೌಲಾನಾ ಸಾಹೇಬರನ್ನು ಕೇಳಿದರು. ಔಷಧ, ಬೇರೆ ದಾರಿ ಇಲ್ಲ, ಕೊಡಿ ಎಂದರಂತೆ. ಹುಡುಗನಿಗೆ ಮಾತ್ರ ಹೇಳುವುದು ಬೇಡ ಅಂತ ನಾವಿಬ್ಬರೇ ಮಾತಾಡಿಕೊಂಡೆವು. ಆಗ ಅವನಿಗೆ ಹದಿಮೂರು. ತಿನ್ನುವುದೇ ಕಷ್ಟದಲ್ಲಿ. ಇದೊಂದು ಯಾಕೆ ತಲೆಗೆ.

ಅವನಿಗೆ ಗೊತ್ತಾಗಿದೆ. ಹೇಗೋ.

ಎಲ್ಲ ಒಂದು ಸ್ಟೀಲ್ ಡಬ್ಬಿಗೆ ಹಾಕಿ ಮಶೀನಿನ ಕೆಳಗೆ ಇಟ್ಟೆ. ಆರ್ಜೂಗೆ ಹಳೆ ಬ್ಯಾಗಿಗೇ ಚೈನ್ ಹಾಕಿ ಕೊಟ್ಟೆ. ಇವರಿಗೆ ಬ್ಯಾಗ್ ಇನ್ನೂ ಒಣಗಿಲ್ಲ ಎಂದೆ.


ಸೋಮವಾರ, 16 ಜೂನ್

ಶಾಲೆ ಶುರು. ಆರನೇ ಕ್ಲಾಸ್. ಡಬ್ಬಿಯಲ್ಲಿ ಎರಡು ಇಡ್ಲಿ. ಒಂದು ವಾಪಸ್.


ಮಂಗಳವಾರ, 24 ಜೂನ್. ಮಧ್ಯಾಹ್ನ 1

ಹಳೆ ವಹಿ ತೆಗೆದೆ. 2023 ಡಿಸೆಂಬರ್, 2024 ಜನವರಿ. ನನ್ನದೇ ಅಕ್ಷರ. ಬೆಳಿಗ್ಗೆ ಕ್ಯಾಪ್ಸೂಲ್ — ಟಿಕ್. ಮಧ್ಯಾಹ್ನ — ಟಿಕ್. ಸಂಜೆ — ಟಿಕ್. ಒಂದು ದಿನವೂ ಬಿಟ್ಟಿಲ್ಲ.

ಪಕ್ಕದಲ್ಲೇ ಬರೆದಿದ್ದೇನೆ. ಸಂಡಾಸ್ ಮತ್ತೆ ಎಣ್ಣೆ. ತೂಕ ಒಂದು ಕಿಲೋ ಕಡಿಮೆ. ಬೆಳಿಗ್ಗೆ ಕೈ ನಡುಗಿತು ಎಂದ. ಸಕ್ಕರೆ ನೀರು ಕೊಟ್ಟೆ.

ಶುಭಾಂಗಿ ಮೇಡಂಗೆ ಇದನ್ನು ಓದಿ ಹೇಳಿದ್ದೆ. "ಕ್ಯಾಪ್ಸೂಲ್ ಸರಿಯಾಗಿ ಕೊಡ್ತೀರಲ್ಲ?" ಎಂದು ಕೇಳಿದ್ದರು. ಹೌದು ಎಂದು ಟಿಕ್ ತೋರಿಸಿದೆ. ಅವರಿಗೆ ಟಿಕ್ ಮಾತ್ರ ಓದಲು ಬರುತ್ತದೆ.

ಆರ್ಜೂ — ಅನ್ನ, ತಿಳಿ ಬೇಳೆ. ನೋವು ಸ್ವಲ್ಪ. ಬೆನ್ನಿನ ಕಡೆಗೆ. ಹತ್ತು ನಿಮಿಷದಲ್ಲಿ ಹೋಯಿತು ಎಂದಳು. ಹೋಯಿತೋ ಇಲ್ಲವೋ.


ಗುರುವಾರ, 3 ಜುಲೈ. ಸಂಜೆ 5

ರಿಪೋರ್ಟ್ ಬಂದಿದೆ. ಆರ್ಜೂನ ರಸ ಬಹಳ ಕಡಿಮೆ ಆಗಿದೆ. ಕ್ಯಾಪ್ಸೂಲ್ ಶುರು ಮಾಡಬೇಕು. ಮಾಡದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ, ಎತ್ತರ ಆಗುವುದಿಲ್ಲ, ಮೂಳೆ ಟೊಳ್ಳಾಗುತ್ತದೆ. ಆರು ತಿಂಗಳಿಗೊಮ್ಮೆ ಶುಗರ್ ಟೆಸ್ಟ್. ಬಂದರೂ ಬರಬಹುದು. ದೊಡ್ಡವಳಾದ ಮೇಲೂ ಚೆಕಪ್ ಬಿಡುವ ಹಾಗಿಲ್ಲ. ಜೀವನ ಪೂರ್ತಿ.

ಆರ್ಜೂನನ್ನು ತೂಕಕ್ಕೆ ಕಳಿಸಿದಾಗ ಕೇಳಿದೆ. "ಮೇಡಂ, ಒಬ್ಬರು ಇನ್ಸುಲಿನ್ ತಗೊಂಡು, ಊಟ ಮಾಡಿ, ಈ ಕ್ಯಾಪ್ಸೂಲ್ ತಗೊಳ್ಳದಿದ್ದರೆ?"

"ಊಟ ಮಾಡಿಯೂ ಮಾಡದ ಹಾಗೆ. ಇನ್ಸುಲಿನ್ ತನ್ನ ಕೆಲಸ ಮಾಡುತ್ತೆ. ಶುಗರ್ ಕೆಳಗೆ ಹೋಗಬಹುದು." ಬರೆಯುತ್ತಾ ಹೇಳುತ್ತಿದ್ದರು. ಆಮೇಲೆ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಯಾಕೆ ಕೇಳಿದಿರಿ?"

"ಸುಮ್ಮನೆ."

ಅವರು ಬಾಗಿಲು ಮುಚ್ಚಲು ನರ್ಸಿಗೆ ಹೇಳಿದರು. ಹೇಳಿದೆ. ಬ್ಯಾಗಿನಲ್ಲಿ ನೂರಾ ಎಂಬತ್ತೇಳು ಸಿಕ್ಕವು ಎಂದೆ. ಹೊಲಿಗೆಯದು ಹೇಳಲಿಲ್ಲ.

ಅವರು ಪೆನ್ನು ಕೆಳಗಿಟ್ಟರು. "ಅದೇ ಕಾರಣ ಅಂತ ನಾನು ಹೇಳಲಾರೆ. ಅಲ್ಲ ಅಂತಲೂ ಹೇಳಲಾರೆ," ಎಂದರು. "ತೂಕ ಇಳಿದಾಗ ನಾನು ಇನ್ನೂ ಕೇಳಬೇಕಿತ್ತು." ಹಾಗೆ ಒಬ್ಬ ಡಾಕ್ಟರ್ ಹೇಳಿದ್ದು ನಾನು ಕೇಳಿರಲಿಲ್ಲ.

ಹೊರಗೆ ಶುಭಾಂಗಿ ಮೇಡಂ ನನ್ನ ಕೈಯಲ್ಲಿ ಕ್ಯಾಪ್ಸೂಲಿನ ಬಾಟಲಿ ಇಟ್ಟರು. ನುಂಗಲು ಆಗದಿದ್ದರೆ ಬಿಚ್ಚಿ, ಒಳಗಿನ ಸಣ್ಣ ಕಾಳು ಮೆತ್ತಗಿನ ಊಟಕ್ಕೆ ಬೆರೆಸಿ ಕೊಡಬಹುದು, ಅರೆಯಬಾರದು. "ಅವಳಿಗೆ ಹೇಳಿ ಕೊಡಿ," ಎಂದರು. "ಹನ್ನೊಂದು ವರ್ಷ. ಎಲ್ಲ ತಿಳಿಯುತ್ತೆ."

ಬಾಟಲಿ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ಇನ್ನೂ ಕೊಟ್ಟಿಲ್ಲ.


ಭಾನುವಾರ, 6 ಜುಲೈ. ಮಧ್ಯಾಹ್ನ 2

ಮೊಹರಂ. ಗಲ್ಲಿಯ ಬಾಯಲ್ಲಿ ಶರಬತ್ ಹಂಚುತ್ತಿದ್ದಾರೆ. ಆರ್ಜೂ ನೀಲಾಬಾಯಿಯ ಮನೆಯಲ್ಲಿ ಟಿವಿ ನೋಡುತ್ತಿದ್ದಳು. ಇವರ ಮುಂದೆ ಬ್ಯಾಗ್ ಇಟ್ಟೆ. ಡಬ್ಬಿ ಬಿಚ್ಚಿ ತೋರಿಸಿದೆ.

ಮೊದಲು ಡಬ್ಬಿ ನೋಡಲಿಲ್ಲ. ಅಸ್ತರಿನ ಮೇಲೆ ಬೆರಳು ಆಡಿಸಿದರು. "ಇದು ನನ್ನ ಹೊಲಿಗಿ ಅಲ್ಲ."

"ಅಲ್ಲ."

"ನಿನ್ನದೂ ಅಲ್ಲ."

"ಅಲ್ಲ."

ಹೊರಗೆ ಯಾರೋ ಇವರನ್ನು ಮಕ್ತುಮಭಾಯ್, ಶರಬತ್ ತಗೋ ಬಾ ಅಂತ ಕರೆದರು. ಹೋಗಲಿಲ್ಲ.

"ಹೇಳೋದು ಬ್ಯಾಡ ಅಂದಾಂವ ನಾನ," ಎಂದರು.

"ಇಬ್ಬರೂ ಅಂದಿದ್ದಿವಿ."

"ನಾ ಮೊದಲ ಅಂದಿದ್ದೆ."

ಯಾರು ಮೊದಲು ಅಂದದ್ದು ನನಗೆ ನೆನಪಿಲ್ಲ. ಅವರಿಗೆ ನೆನಪಿದೆ.

ಆಮೇಲೆ ಆರ್ಜೂನ ಮಾತು ತೆಗೆದೆ. ಹೇಳಿ ಕೊಡೋಣ ಎಂದೆ. ತಲೆ ಅಲ್ಲಾಡಿಸಿದರು. "ಬಿಚ್ಚಿ ಖಿಚಡಿಯೊಳಗ ಕಲಿಸಿ ಕೊಡು. ಕಾಳ ಇರತಾವ ಅಂದಿಯಲ್ಲ, ತಿಳಿಯಂಗಿಲ್ಲ. ಆಕಿನೂ ಬಿಟ್ಟಳು ಅಂದ್ರ? ಒಂದ ಸಲ ಆಗೇದ. ಇನ್ನೊಂದ ಸಲ ನನ್ನಿಂದ ಆಗಂಗಿಲ್ಲ, ತಾಜಬಿ."

ಸರಿ ಎಂದೆ. ಇವರು ಹೇಳಿದ್ದು ತಪ್ಪು ಅನ್ನಿಸಲಿಲ್ಲ. ಸರಿ ಅಂತಲೂ ಅನ್ನಿಸಲಿಲ್ಲ. ಶಾಲೆಯಲ್ಲಿ ತಿನ್ನುವ ಡಬ್ಬಿಗೆ ಏನು ಮಾಡುವುದು? ಹದಿನೈದಕ್ಕೆ, ಇಪ್ಪತ್ತಕ್ಕೆ? ಗಂಡನ ಮನೆಯಲ್ಲಿ?


ಗುರುವಾರ, 17 ಜುಲೈ. ಆಸ್ಪತ್ರೆ. ಬೆಳಿಗ್ಗೆ 10

ಎಂಟು ದಿನದಿಂದ ಆಸ್ಪತ್ರೆ, ಏನೂ ಬರೆದಿಲ್ಲ.

ಒಂಬತ್ತನೇ ತಾರೀಕು ಶಾಲೆಯಿಂದ ಫೋನ್. ಹೋದಾಗ ಬೆಂಚಿನ ಮೇಲೆ ಮುದುಡಿ ಮಲಗಿದ್ದಳು, ಮೊಣಕಾಲು ಗದ್ದಕ್ಕೆ. ಹಸಿರು ವಾಂತಿ. ಟೀಚರ್ ನಿಂಬೆ ಶರಬತ್ ಕೊಟ್ಟಿದ್ದರು. ರಿಕ್ಷಾದಲ್ಲಿ ಒಂದು ಮಾತೂ ಆಡಲಿಲ್ಲ. ನನ್ನ ದುಪಟ್ಟಾ ಕಚ್ಚಿಕೊಂಡಿದ್ದಳು.

ರಕ್ತದ ಟೆಸ್ಟಿನಲ್ಲಿ ಲೈಪೇಸ್ ಎರಡು ಸಾವಿರದ ಮೇಲೆ, ಬಹಳ ಜಾಸ್ತಿ. ಸಲೈನ್. ಎರಡು ದಿನ ಬಾಯಿಗೆ ಏನೂ ಇಲ್ಲ. ನಾಲ್ಕನೇ ಸಲ ಇದು.

ನೋವು ಎಷ್ಟು ಅಂತ ಕೇಳಲು ನರ್ಸ್ ಒಂದು ಕಾರ್ಡ್ ತೋರಿಸುತ್ತಾಳೆ. ಆರು ಮುಖ. ನಗುವುದರಿಂದ ಅಳುವುದರವರೆಗೆ. ಅಳುವ ಮುಖದ ಮೇಲೆ ಬೆರಳಿಟ್ಟಳು. ಅವಳು ಅಳುತ್ತಿರಲಿಲ್ಲ. ನರ್ಸ್ ಎಂದಳು — "ಇಷ್ಟು ನೋವಿದ್ದರೆ ಅಳ್ತಾರೆ ಬೇಟಾ." ಆರ್ಜೂ ಹೇಳಿದಳು, "ಅತ್ತರೆ ಹೊಟ್ಟೆ ಅಲುಗುತ್ತೆ ದೀದಿ."

ನದೀಮನೂ ಅಳುತ್ತಿರಲಿಲ್ಲ. ಅಳದ ಮಕ್ಕಳು ಅಂತ ಹೆಮ್ಮೆಯಿಂದ ಹೇಳುತ್ತಿದ್ದೆ ಜನರಿಗೆ.

ಇವತ್ತು ಮೂರನೇ ಮುಖ. ಗಂಜಿ ನಾಲ್ಕು ಚಮಚ.


ಭಾನುವಾರ, 20 ಜುಲೈ. ಸಂಜೆ 6

ಬೆಳಿಗ್ಗೆ ಡಿಸ್ಚಾರ್ಜ್. ತೂಕ 22 ಕಿಲೋ 900. ಕ್ಯಾಪ್ಸೂಲ್ ಇನ್ನು ತಡ ಮಾಡಬೇಡಿ ಎಂದು ಕೇಸ್ ಪೇಪರಿನಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದಾರೆ.

ಖಿಚಡಿ ಮೆತ್ತಗೆ ಬೇಯಿಸಿದೆ. ಬಟ್ಟಲು ಗೋಡೆಯ ಕಡೆ ತಿರುಗಿಸಿ ಇಟ್ಟುಕೊಂಡೆ. ಒಂದು ಕ್ಯಾಪ್ಸೂಲ್ ಬಿಚ್ಚಿದೆ. ಸಾಸಿವೆಗಿಂತ ಸಣ್ಣ ಕಾಳು, ಅಂಗೈ ಮೇಲೆ ಉರುಳಿದವು. ಒಂದೊಂದು ಅಂಟಿಕೊಂಡಿತು.

ಆರ್ಜೂ ಹಾಸಿಗೆಯಿಂದ ನನ್ನ ಬೆನ್ನನ್ನೇ ನೋಡುತ್ತಿದ್ದಳು. ನನಗೆ ಗೊತ್ತಾಗುತ್ತದೆ.

ಬೆರೆಸಲಿಲ್ಲ. ಕೈ ತೊಳೆದೆ. ಸಪ್ಪೆ ಖಿಚಡಿಯನ್ನೇ ಕೊಟ್ಟೆ. ಇವರು ಕಣ್ಣಲ್ಲೇ ಕೇಳಿದರು. ಹೂಂ ಎಂದೆ. ಸುಳ್ಳು.


ಮಂಗಳವಾರ, 22 ಜುಲೈ. ಮಧ್ಯಾಹ್ನ 3.15

ಶಾಲೆಗೆ ಈ ವಾರ ರಜೆ. ಪಕ್ಕದಲ್ಲಿ ಕುಳಿತು ಫಾಲಿನ ದಾರ ಕತ್ತರಿಸಿ ಕೊಡುತ್ತಿದ್ದಳು. ಹಸಿರು ಸೀರೆ. ಕೈ ನಿಲ್ಲಿಸದೆ ಹೇಳಿದೆ. ನಿಲ್ಲಿಸಿದ್ದರೆ ಹೇಳುವುದಾಗುತ್ತಿರಲಿಲ್ಲ.

"ಡಾಕ್ಟರ್ ಒಂದು ಕ್ಯಾಪ್ಸೂಲ್ ಕೊಟ್ಟಿದ್ದಾರೆ. ಭಾಯಿ ತಗೊಳ್ತಿದ್ದದ್ದೇ. ಅದನ್ನ ಏತರಿಂದ ಮಾಡ್ತಾರೆ ಅಂತ ನಿನಗೆ ಹೇಳಬೇಕು."

ಕತ್ತರಿ ನಿಂತಿತು. "ಗೊತ್ತು," ಎಂದಳು.

"ಏನು ಗೊತ್ತು?"

"ಸುವರ್." ಮನೆಯಲ್ಲಿ ಹೇಳದ ಮಾತು. ಹಿಂದಿಯಲ್ಲಿ ಹೇಳಿದಳು, ಮೆಲ್ಲಗೆ. "ಭಾಯಿ ಹೇಳಿದ್ದ. ಮೊಬೈಲಿನಲ್ಲಿ ಬಾಟಲಿಯ ಹೆಸರು ಹಾಕಿ ನೋಡಿದ್ದ. ಕಸಮ್ ಹಾಕಿಸಿದ ನನ್ನಿಂದ."

ನಾನು ಸೂಜಿ ಸೀರೆಯಲ್ಲೇ ಬಿಟ್ಟೆ.

"ಏನಂತ ಆಣೆ?"

"ಅಮ್ಮಿಗೆ ಹೇಳಬಾರದು ಅಂತ. ಅಮ್ಮಿಗೆ ಗೊತ್ತಿಲ್ಲ, ಗೊತ್ತಿಲ್ಲದೇ ಕೊಡ್ತಿದಾಳೆ, ಗೊತ್ತಾದರೆ ದಿನಾ ಅಳ್ತಾಳೆ, ಎರಡು ವರ್ಷ ಮಗನಿಗೆ ಅದನ್ನೇ ತಿನ್ನಿಸಿದೆ ಅಂತ. ಅದಕ್ಕೆ ನಾನೇ ಬಿಟ್ಟುಬಿಡ್ತೀನಿ, ಏನೂ ಆಗಲ್ಲ ಅಂದ. ಬ್ಯಾಗಿನಲ್ಲಿ ಹಾಕಿ ಹೊಲಿಯುವಾಗ ದಾರ ನಾನೇ ಪೋಣಿಸಿ ಕೊಟ್ಟೆ."

ಹೊಲಿಯುವಾಗ ಇವಳು ಇದ್ದಳು. ಒಂಬತ್ತೂವರೆ ವರ್ಷ ಆಗ.

ಆಮೇಲೆ ಕೇಳಿದಳು. ಕತ್ತರಿ ತೆಗೆಯುತ್ತಾ ಮುಚ್ಚುತ್ತಾ. "ನಾನು ಆಗ ಹೇಳಿದ್ದಿದ್ದರೆ ಭಾಯಿ ಇರ್ತಿದ್ದ, ಅಲ್ವಾ?"

ಹದಿನೇಳು ತಿಂಗಳು. ಹೋಂವರ್ಕ್ ಮಾಡಿದಳು, ನೀಲಾಬಾಯಿಯ ಜೊತೆ ತಮಾಷೆ ಮಾಡಿದಳು, ಹಾರ್ಬರ್ ಪ್ಲಾಟ್‌ಫಾರ್ಮ್ ಬಂದಾಗ ಮುಖ ತಿರುಗಿಸಿದಳು. ಇದನ್ನು ಹೊತ್ತುಕೊಂಡೇ. ಬೇರೆ ಕಾರಣ ಎಂದುಕೊಂಡಿದ್ದೆ ನಾನು.

"ಆರ್ಜೂ, ನನಗೆ ಗೊತ್ತಿತ್ತು," ಎಂದೆ.

"ಯಾವಾಗ?"

"ಮೊದಲ ದಿನದಿಂದ. ಅಬ್ಬಾಗೂ. ಡಾಕ್ಟರ್ ಹೇಳಿದ್ದರು. ಅಬ್ಬಾ ಮೌಲಾನಾ ಸಾಹೇಬರನ್ನು ಕೇಳಿ ಬಂದಿದ್ದರು. ಕೊಡಬಹುದು ಅಂದಿದ್ದರು. ಗೊತ್ತಿದ್ದೇ ಕೊಟ್ಟೆ."

ನನ್ನನ್ನು ನೋಡಿದಳು. "ಮೌಲಾನಾ ಬೇಡ ಅಂದಿದ್ದರೆ?"

"ಆಗಲೂ ಕೊಡ್ತಿದ್ದೆ."

"ಹಾಗಾದ್ರೆ ಭಾಯಿಗೆ ಯಾಕೆ ಹೇಳಲಿಲ್ಲ?"

ಅವನ ತಲೆಗೆ ಇದೊಂದು ಯಾಕೆ ಅಂತ ನಾವು ಹೇಳಲಿಲ್ಲ. ನನ್ನ ತಲೆಗೆ ಯಾಕೆ ಅಂತ ಅವನು ಹೇಳಲಿಲ್ಲ. ನಡುವೆ ಇವಳು, ದಾರ ಪೋಣಿಸಿಕೊಂಡು.

"ಹೇಳಬೇಕಿತ್ತು," ಎಂದೆ. "ತಪ್ಪು ನಮ್ಮದು. ದೊಡ್ಡವರದು. ದಾರ ಪೋಣಿಸಿದವಳದಲ್ಲ. ನಿನ್ನಿಂದ ಏನೂ ಆಗಿಲ್ಲ."

ನಂಬಿದಳೋ ಇಲ್ಲವೋ. ಒಂದೇ ಸಲ ಹೇಳಿದರೆ ಸಾಲದು ಇದು. ಅಳಲಿಲ್ಲ. ಅವಳ ಹೊಟ್ಟೆಯ ಮೇಲೆ ಕೈ ಇಟ್ಟೆ. "ಅಳು. ಅಲುಗಿದರೆ ನಾನು ಹಿಡಿದುಕೊಳ್ತೀನಿ."

ಹಸಿರು ಸೀರೆಯ ಅಂಚು ಒದ್ದೆಯಾಯಿತು. ಅಂಗಡಿಯವರಿಗೆ ನೀರು ಬಿತ್ತು ಎಂದು ಹೇಳಬೇಕು.

ಮುಖ ತೊಳೆದು ಬಂದು ಕೇಳಿದಳು — "ಮೌಲಾನಾ ಸಾಹೇಬರನ್ನು ನಾನೇ ಕೇಳಬಹುದಾ? ನೀವು ಕೇಳಿದ್ದು ನಿಮಗೆ. ನನಗೆ ನಾನು ಕೇಳಬೇಕು."

ಇವರು ಬಂದ ಮೇಲೆ ಹೇಳಿದೆ. ಖಿಚಡಿಯಲ್ಲಿ ಬೆರೆಸಿರಲಿಲ್ಲ ಅಂತಲೂ ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ದಾರ ಪೋಣಿಸಿದ ಮಾತು ಕೇಳಿ ಗೋಡೆ ಹಿಡಿದು ಕುಳಿತರು. "ಶುಕ್ರವಾರ ಕರಕೊಂಡ ಹೋಗತೀನಿ," ಎಂದರು. ಅಷ್ಟೇ.

ಬೇಡ ಎನ್ನಿಸಿದರೆ ಇವಳೂ ಬಿಡುತ್ತಾಳೆ. ಆಗ ಏನು ಮಾಡುತ್ತೇನೆ ನನಗೆ ಗೊತ್ತಿಲ್ಲ.


ಶುಕ್ರವಾರ, 25 ಜುಲೈ. ಸಂಜೆ 5.30

ಜುಮ್ಮಾ ನಮಾಜ್ ಮುಗಿದ ಮೇಲೆ ಮೂವರೂ ಹೋದೆವು. ಮದ್ರಸಾದ ಮುಂದಿನ ಕೋಣೆ. ಮೌಲಾನಾ ಸಾಹೇಬರಿಗೆ ವಯಸ್ಸಾಗಿದೆ, ಕಿವಿ ಸ್ವಲ್ಪ ಮಂದ. ಇವರು ಬಾಯಿ ತೆಗೆದರು, ಆರ್ಜೂ "ಅಬ್ಬಾ, ನಾನು" ಎಂದು ಮುಂದೆ ಕುಳಿತಳು. ಮೂರು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದಳು.

ಒಂದು, ತಗೊಳ್ಳಬಹುದೇ. ಬೇರೆ ಔಷಧ ಇಲ್ಲ ಅಂತ ಡಾಕ್ಟರ್ ಹೇಳಿದ್ದಾರೆಯೇ ಎಂದು ಅವರು ಕೇಳಿದರು. ಕೇಸ್ ಪೇಪರ್ ತೋರಿಸಿದಳು. ಕನ್ನಡಕ ಹಾಕಿ ಗೆರೆ ಎಳೆದದ್ದನ್ನು ನೋಡಿದರು. ಹಾಗಾದರೆ ತಗೋ, ಜೀವ ಮೊದಲು ಎಂದರು.

ಎರಡು, ಗೊತ್ತಿದ್ದೂ ಕೊಟ್ಟ ಅಮ್ಮಿಗೆ ಪಾಪ ಬರುತ್ತದೆಯೇ. "ಇಲ್ಲ. ಕೊಡದೇ ಇದ್ದರೆ ನಾನು ಬೈತಿದ್ದೆ."

ಮೂರನೆಯದು ಓದಲಿಲ್ಲ. ಚೀಟಿ ಅವರ ಕೈಗೇ ಕೊಟ್ಟಳು. ಮೌಲಾನಾ ಸಾಹೇಬರು ಓದಿ ಚೀಟಿ ಮಡಿಸಿದರು. "ನಿನ್ನ ಅಣ್ಣ ಅಮ್ಮಿಗೆ ನೋವಾಗಬಾರದು ಅಂತ ಮಾಡಿದ. ಒಳ್ಳೆ ಮನಸ್ಸಿನಿಂದ ತಪ್ಪು ಮಾಡಿದ. ಮೇಲಿರುವವನಿಗೆ ಮನಸ್ಸು ಕಾಣುತ್ತೆ," ಎಂದರು. ಆಮೇಲೆ ನಮ್ಮಿಬ್ಬರ ಕಡೆ ನೋಡಿ, "ಆ ಹುಡುಗನನ್ನೂ ನನ್ನ ಹತ್ತಿರ ಕರೆದುಕೊಂಡು ಬರಬೇಕಿತ್ತು," ಎಂದರು. ಇವರು ತಲೆ ತಗ್ಗಿಸಿದರು.

ಹೊರಡುವಾಗ ಆರ್ಜೂಗೆ — "ಔಷಧ ನಿನಗೆ ಹಲಾಲ್. ಸ್ಟೇಷನ್ ಹೊರಗಿನ ವಡಾಪಾವ್ ಹರಾಮ್. ತಿಳೀತಾ?"

"ಅದು ಡಾಕ್ಟರ್ ಕೂಡ ಹೇಳಿದಾರೆ ಹಜರತ್," ಎಂದಳು.

ಮನೆಗೆ ಬಂದು ಇವರು ಬ್ಯಾಗ್ ತೆಗೆದರು. ಹೊಸ ಅಸ್ತರು ಹಾಕುತ್ತೇನೆ ಎಂದರು. ಬೇಡ ಎಂದೆ. ನಾನು ಬಿಚ್ಚಿದ ನಾಲ್ಕು ಬೆರಳು ಮಾತ್ರ ಹೊಲಿದೆ. ಉಳಿದದ್ದು ಅವನದು, ಹಾಗೇ ಇರಲಿ. ನನ್ನ ಹೊಲಿಗೆ ಅವನದಕ್ಕಿಂತ ದೊಡ್ಡದು, ಎಲ್ಲಿ ಸೇರುತ್ತದೆ ಅಂತ ಕಾಣುತ್ತದೆ. ಸ್ಟೀಲ್ ಡಬ್ಬಿಯ ನೂರಾ ಎಂಬತ್ತೇಳನ್ನು ಗುರುವಾರ ಆಸ್ಪತ್ರೆಗೆ ಕೊಡಬೇಕು. ಕಸಕ್ಕೆ ಹಾಕಲು ಆಗಲಿಲ್ಲ.

ಆರ್ಜೂ ಬಾಟಲಿಯನ್ನು ಹಿಟ್ಟಿನ ಡಬ್ಬಿಯ ಹಿಂದಿನಿಂದ ತೆಗೆದು ಕುಡಿಯುವ ನೀರಿನ ಕೊಡದ ಪಕ್ಕ ಇಟ್ಟಳು. ಬಂದವರಿಗೆಲ್ಲ ಕಾಣುವ ಜಾಗ. ಈ ವಹಿಯನ್ನೂ ಕೇಳಿದಳು. ಓದಲು ಬರುವುದಿಲ್ಲ ಅವಳಿಗೆ. ಹಿಂದಿನ ಪುಟದಲ್ಲಿ ಸ್ಕೇಲ್ ಇಟ್ಟು ಮೂರು ಮನೆ ಎಳೆದಳು. ಟಿಕ್ ತಾನೇ ಹಾಕುತ್ತಾಳಂತೆ. ತಗೊಳ್ಳದ ದಿನ ಕ್ರಾಸ್ ಹಾಕುತ್ತೇನೆ, ಬೈಯಬಾರದು ಎಂದಳು. ಬೈಯುವುದಿಲ್ಲ ಎಂದೆ.

ಅನ್ನ, ಬೇಳೆ. ನೋವು ಇಲ್ಲ — ಅವಳು ಹೇಳಿದ್ದು.

ನಾಳೆ ಶನಿವಾರ, ಅರ್ಧ ದಿನ ಶಾಲೆ. ನೀರು ಐದೂವರೆಗೆ. ಮೊದಲ ಕ್ಯಾಪ್ಸೂಲ್ ಏಳಕ್ಕೆ, ಎರಡನೇ ತುತ್ತಿನ ಜೊತೆ.